ಕಮಾನಿನಿಂದ ಕಂಬಕ್ಕೆ

ಮೋಟಾರಿನ ಚರಿತ್ರೆಯೆಂದರೆ ಎಂಜಿನ್ನಿನ ಚರಿತ್ರೆಯೆಂದೇ ಅನೇಕರ ಎಣಿಕೆ. ಎಷ್ಟು ಕುದುರೆಯ ಬಲ, ಲೀಟರಿಗೆ ಎಷ್ಟು ಕಿಲೋಮೀಟರು ಎಂಬುದನ್ನೇ ಕಾರು ಕೊಳ್ಳುವವರು ಕೇಳುತ್ತಾರೆ. ಕೊಂಡವರು ನೆಂಟರ ಮುಂದೆ ಅದನ್ನೇ ಹೇಳಿಕೊಳ್ಳುತ್ತಾರೆ. ಆದರೆ ಕಾರಿನೊಳಗೆ ಕುಳಿತವರ ಬೆನ್ನುಮೂಳೆಗೆ ಈ ಲೆಕ್ಕಗಳು ಬೇಕಿಲ್ಲ. ರಸ್ತೆಯ ಗುಂಡಿಗೂ ತನಗೂ ನಡುವೆ ಏನಿದೆ ಎಂಬುದೊಂದೇ ಅದರ ವಿಚಾರಣೆ. ಆ ನಡುವಿನ ವಸ್ತುವಿಗೂ ಒಂದು ಚರಿತ್ರೆಯಿದೆ. ಬಿಡದಿಯ ಮುಂದೆ ಹಾದುಹೋಗುವ ಮೈಸೂರು ರಸ್ತೆ ಆ ಚರಿತ್ರೆಯ ಬಹುಪಾಲನ್ನು ತನ್ನ ಮೈಮೇಲೆ ಹೊತ್ತಿದೆ. ಎತ್ತಿನ ಗಾಡಿ, ಜಟಕಾ, ಅಂಬಾಸಡರು, ಮಾರುತಿ ಎಲ್ಲವೂ ಓಡಾಡಿದ ದಾರಿ ಅದು. ತಟ್ಟೆ ಇಡ್ಲಿಗೆ ಬಂಡಿ ನಿಲ್ಲಿಸುತ್ತಿದ್ದ ಆ ಊರಿನ ಪಕ್ಕದಲ್ಲಿ ಈಗ ಕಾರುಗಳೇ ಹುಟ್ಟುತ್ತಿವೆ.

ಎತ್ತಿನ ಗಾಡಿಗೆ ಕಮಾನು ಇರಲಿಲ್ಲ. ಕೆಳಗೆ ಅಚ್ಚು, ಅಚ್ಚಿನ ಮೇಲೆ ಚೌಕಟ್ಟು, ಚೌಕಟ್ಟಿನ ಮೇಲೆ ಹುಲ್ಲು, ಹುಲ್ಲಿನ ಮೇಲೆ ನಾವು. ಕಬ್ಬಿಣದ ಪಟ್ಟೆ ಬಿಗಿದ ಚಕ್ರ ಕಲ್ಲು ಹತ್ತಿ ಇಳಿದರೆ ಮಾತನಾಡುತ್ತಿದ್ದವರು ನಾಲಗೆ ಕಚ್ಚಿಕೊಳ್ಳುತ್ತಿದ್ದರು. ವೇಗ ಎತ್ತಿನ ನಡಿಗೆಯದಾದ್ದರಿಂದ ಅದಕ್ಕಿಂತ ಹೆಚ್ಚಿನ ಅಪಾಯವಿರಲಿಲ್ಲ. ಕುಳಿತವರ ಕಷ್ಟಕ್ಕಿಂತ ಎಳೆಯುವ ಪಶುವಿನ ಕಷ್ಟ ದೊಡ್ಡದೆಂದು ಬಗೆದು, ಬೆಂಗಳೂರಿನ ಐಐಎಂ ಸಂಸ್ಥೆಯ ಮೊದಲ ನಿರ್ದೇಶಕರಾದ ಪ್ರೊ. ಎನ್. ಎಸ್. ರಾಮಸ್ವಾಮಿಯವರು ಈ ಗಾಡಿಯ ಸುಧಾರಣೆಗಾಗಿ ಬಹಳ ವರ್ಷ ದುಡಿದರು. ವ್ಯಾಪಾರದ ಆಡಳಿತ ಕಲಿಸುವ ಶಾಲೆಯ ಮುಖ್ಯಸ್ಥರು ಎತ್ತಿನ ಹೆಗಲಿನ ಹುಣ್ಣಿನ ವಿಚಾರ ಮಾಡಿದ್ದು ನನಗೆ ಇಂದಿಗೂ ಮೆಚ್ಚುಗೆಯ ಸಂಗತಿ.

ಕುದುರೆ ಬಂದಾಗ ಕಮಾನು ಬೇಕಾಯಿತು. ಕುದುರೆ ಓಡುತ್ತದೆ, ಓಡುವ ಗಾಡಿಯಲ್ಲಿ ಹುಲ್ಲಿನ ಮೆತ್ತೆ ಸಾಲದು. ಉಕ್ಕಿನ ಪಟ್ಟಿಗಳನ್ನು ಬಿಲ್ಲಿನಂತೆ ಬಾಗಿಸಿ, ಉದ್ದದ್ದರ ಕೆಳಗೆ ಗಿಡ್ಡದ್ದನ್ನು ಜೋಡಿಸಿ, ನಡುವೆ ಪಟ್ಟಿ ಹಾಕಿ ಬಿಗಿದರೆ ಕಮಾನು ಆಗುತ್ತದೆ. ಎರಡು ಕಮಾನುಗಳನ್ನು ಒಂದಕ್ಕೊಂದು ಎದುರಾಗಿ ಇಟ್ಟು ಗಾಡಿಯನ್ನು ಅದರ ಮೇಲೆ ಕೂರಿಸುವ ಉಪಾಯಕ್ಕೆ ಲಂಡನ್ನಿನ ಒಬಾಡಯ ಎಲಿಯಟ್ ಎಂಬ ಗಾಡಿ ಕಟ್ಟುವವನು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಪೇಟೆಂಟು ಪಡೆದ. ನಮ್ಮ ಜಟಕಾಗಳ ಕೆಳಗಿದ್ದುದು ಅದೇ ವಂಶದ ಕುಡಿ. ಈ ಕಮಾನಿಗೆ ಒಂದು ಗುಣವಿತ್ತು. ಗಾಡಿ ಕುಪ್ಪಳಿಸಿದಾಗ ಪಟ್ಟಿಗಳು ಒಂದರ ಮೇಲೊಂದು ಉಜ್ಜುತ್ತಿದ್ದವು. ಆ ಉಜ್ಜಾಟದಲ್ಲಿಯೇ ಕುಪ್ಪಳಿಕೆ ಅಡಗುತ್ತಿತ್ತು. ಭಾರ ಹೊರುವ ಕೆಲಸ, ಕುಣಿತ ನಿಲ್ಲಿಸುವ ಕೆಲಸ ಎರಡನ್ನೂ ಅದೊಂದೇ ಮಾಡುತ್ತಿತ್ತು. ಇನ್ನೊಂದು ಗುಣ, ಅದು ಕಣ್ಣಿಗೆ ಕಾಣುತ್ತಿತ್ತು. ಪಟ್ಟಿ ಮುರಿದರೆ ಯಾರಿಗೂ ತಿಳಿಯುತ್ತಿತ್ತು. ಊರಿನ ಕಮ್ಮಾರ ಕುಲುಮೆಯಲ್ಲಿ ಬೇರೊಂದು ಪಟ್ಟಿ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ ಕೊಟ್ಟರೆ ಸಾಯಂಕಾಲದ ಹೊತ್ತಿಗೆ ಗಾಡಿ ಮತ್ತೆ ಬಾಡಿಗೆಗೆ ಸಿದ್ಧ.

ಮೊದಮೊದಲ ಮೋಟಾರುಗಳು ಕುದುರೆಯನ್ನು ಬಿಟ್ಟವೇ ಹೊರತು ಕಮಾನನ್ನು ಬಿಡಲಿಲ್ಲ. 1908ರಲ್ಲಿ ಬಂದ ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರಿಗೆ ಮುಂದೊಂದು ಹಿಂದೊಂದು ಅಡ್ಡ ಕಮಾನು. ಎರಡು ಚಕ್ರಕ್ಕೆ ಒಂದೇ ಗಡುಸಾದ ಅಚ್ಚು. ಎಡಗಾಲು ಗುಂಡಿಗೆ ಇಳಿದರೆ ಬಲಗಾಲೂ ವಾಲಬೇಕು. ವೇಗ ಹೆಚ್ಚಿದಂತೆ ಮುಂಚಕ್ರಗಳು ಸ್ಟಿಯರಿಂಗಿನ ಸಮೇತ ನಡುಗತೊಡಗಿದವು. ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಕಂಪನಿ ಬಿಟ್ಟು ಅಮೆರಿಕದ ಜನರಲ್ ಮೋಟಾರ್ಸ್ ಸೇರಿದ ಮಾರಿಸ್ ಆಲಿ ಎಂಬ ಎಂಜಿನಿಯರು 1932ರಲ್ಲಿ ಒಂದು ಕ್ಯಾಡಿಲ್ಯಾಕ್ ಕಾರಿನ ಹಿಂದೆ ಮುಂದೆ ತೂಕದ ಗುಂಡುಗಳನ್ನು ನೇತುಹಾಕಿ, ಅವನ್ನು ಅತ್ತಿತ್ತ ಸರಿಸಿ, ಸವಾರಿಯ ಸುಖವೆಂಬುದು ಎಲ್ಲಿಂದ ಬರುತ್ತದೆಂದು ಪರೀಕ್ಷೆ ಮಾಡಿದ. ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಮೃದುವಾಗಿರಬೇಕು ಎಂಬುದು ಅವನಿಗೆ ಹೊಳೆಯಿತು. ಆದರೆ ಗಡುಸಾದ ಅಚ್ಚಿಗೆ ಮೃದುವಾದ ಸ್ಪ್ರಿಂಗು ಹಾಕಿದರೆ ನಡುಕ ಇನ್ನೂ ಹೆಚ್ಚು. ಹೀಗಾಗಿ ಅಚ್ಚನ್ನೇ ತೆಗೆದು, ಎಡಚಕ್ರ ಬಲಚಕ್ರಗಳು ತಮ್ಮ ತಮ್ಮ ಪಾಡಿಗೆ ಏರಿಳಿಯುವಂತೆ ಮಾಡಿದರು. 1934ರ ಹೊತ್ತಿಗೆ ಅಮೆರಿಕದ ಅನೇಕ ಕಾರುಗಳು ಹೀಗೆ ಬಿಡಿಚಕ್ರದವಾದವು.

ಕಮಾನು ಹೋಗಿ ಸುರುಳಿ ಸ್ಪ್ರಿಂಗು ಬಂದಾಗ ಹೊಸದೊಂದು ತೊಡಕೂ ಬಂದಿತು. ಸುರುಳಿಯಲ್ಲಿ ಪಟ್ಟಿಗಳ ಉಜ್ಜಾಟವಿಲ್ಲ; ಒಮ್ಮೆ ಕುಣಿಯಲು ತೊಡಗಿದರೆ ಅದು ತಾನಾಗಿ ನಿಲ್ಲುವುದಿಲ್ಲ. ಅದರ ಕುಣಿತ ನಿಲ್ಲಿಸಲು ಪ್ರತ್ಯೇಕವಾಗಿ ಶಾಕ್ ಅಬ್ಸಾರ್ಬರ್ ಎಂಬ ಎಣ್ಣೆಯ ಕೊಳವೆ ಬೇಕು. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿ ನೋಡಿದವರಿಗೆ ಇದರ ಮರ್ಮ ಗೊತ್ತು. ಒಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ತೂರಿಕೊಂಡು ಹೋಗಬೇಕು. ತೂರಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಸ್ಪ್ರಿಂಗಿನ ಆವೇಶವೆಲ್ಲ ಬಿಸಿಯಾಗಿ ಹೊರಟುಹೋಗುತ್ತದೆ. ಹೆಸರು ಆಘಾತ ನುಂಗುವುದು ಎಂದಿದ್ದರೂ ಆಘಾತವನ್ನು ನುಂಗುವುದು ಸ್ಪ್ರಿಂಗು. ಈ ಕೊಳವೆ ನುಂಗುವುದು ಸ್ಪ್ರಿಂಗಿನ ಕುಣಿತವನ್ನು.

ಇಲ್ಲಿಗೆ ನಮ್ಮ ಕಥೆಯ ನಾಯಕ ಬರುತ್ತಾನೆ. ಅರ್ಲ್ ಮ್ಯಾಕ್‌ಫರ್ಸನ್ ಅಮೆರಿಕದವನು. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಶೆವರ್ಲೆ ಕಂಪನಿ ಒಂದು ಹಗುರವಾದ, ಅಗ್ಗದ ಕಾರನ್ನು ಮಾಡಲು ಅವನಿಗೆ ಹೇಳಿತು. ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ಮಾರುವ ಕಾರು. ದುಬಾರಿ ಕಾರಿನಲ್ಲಿ ಪ್ರತಿ ಮುಂಚಕ್ರಕ್ಕೂ ಮೇಲೊಂದು ತೋಳು, ಕೆಳಗೊಂದು ತೋಳು, ನಡುವೆ ಸ್ಪ್ರಿಂಗು, ಪಕ್ಕದಲ್ಲಿ ಎಣ್ಣೆಯ ಕೊಳವೆ ಇರುತ್ತಿದ್ದವು. ಇಷ್ಟನ್ನೂ ಹಾಕಿದರೆ ಆ ಬೆಲೆ ಕೂಡುವುದಿಲ್ಲ. ಮ್ಯಾಕ್‌ಫರ್ಸನ್ ಎಣ್ಣೆಯ ಕೊಳವೆಯನ್ನೇ ಗಟ್ಟಿಯಾದ ಕಂಬವಾಗಿ ಮಾಡಿದ. ಸ್ಪ್ರಿಂಗನ್ನು ಆ ಕಂಬಕ್ಕೇ ಸುತ್ತಿ ಕೂರಿಸಿದ. ಕಂಬದ ತಲೆ ಕಾರಿನ ಮೈಗೆ, ಕಾಲು ಚಕ್ರದ ಗೆಣ್ಣಿಗೆ. ಮೇಲಿನ ತೋಳೇ ಬೇಡವಾಯಿತು. ಸ್ಟಿಯರಿಂಗು ತಿರುಗಿಸಿದರೆ ಕಂಬವೇ ತಿರುಗುತ್ತದೆ. ನಾಲ್ಕು ಕೆಲಸಗಾರರ ಕೆಲಸವನ್ನು ಒಬ್ಬನಿಗೆ ಒಪ್ಪಿಸಿದಂತೆ ಆಯಿತು.

ಆ ಅಗ್ಗದ ಕಾರು ಮಾರುಕಟ್ಟೆಗೆ ಬರಲೇ ಇಲ್ಲ. 1947ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಮ್ಯಾಕ್‌ಫರ್ಸನ್ ಫೋರ್ಡ್ ಕಂಪನಿಗೆ ಹೋದ. ಅವನ ಕಂಬ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳಲ್ಲಿ 1950ರಲ್ಲಿ ಜನರ ಕಣ್ಣಿಗೆ ಬಿದ್ದಿತು. 1953ರಲ್ಲಿ ಪೇಟೆಂಟು ಸಿಕ್ಕಿತು. ಸ್ವತಃ ಅವನು ಎಂಜಿನಿಯರಿಂಗಿನ ಮುಖ್ಯಸ್ಥನಾಗಿದ್ದ ಅಮೆರಿಕದ ಫೋರ್ಡಿನ ಕಾರುಗಳಿಗೆ ಮಾತ್ರ ಅದು ಬಹುಕಾಲ ಬರಲಿಲ್ಲ. ಅಲ್ಲಿ ಪೆಟ್ರೋಲೂ ಉಕ್ಕೂ ಅಗ್ಗ. ಉಳಿತಾಯದ ಉಪಾಯ ಯಾರಿಗೆ ಬೇಕು? ಇಟಲಿಯ ಫಿಯಟ್ ಕಂಪನಿಯ ಗ್ವಿಡೊ ಫೊರ್ನಾಕ ಎಂಬುವನು 1920ರ ದಶಕದಲ್ಲಿಯೇ ಹೆಚ್ಚುಕಡಿಮೆ ಇಂಥದೇ ಕಂಬದ ನಕ್ಷೆ ಬರೆದಿದ್ದನೆಂಬುದನ್ನೂ ಹೇಳಬೇಕು. ಮೊದಲು ಯೋಚಿಸಿದವನ ಹೆಸರು ಉಳಿಯಲಿಲ್ಲ. ಅಗ್ಗವಾಗಿ ಮಾಡಿದವನ ಹೆಸರು ಉಳಿಯಿತು. 1960ರ ದಶಕದ ಕೊನೆಗೆ ಎಂಜಿನ್ನನ್ನು ಅಡ್ಡಲಾಗಿ ಇಟ್ಟು ಮುಂಚಕ್ರಗಳಿಂದಲೇ ಎಳೆಸುವ ಸಣ್ಣ ಕಾರುಗಳು ಹೆಚ್ಚಿದಾಗ ಈ ಕಂಬದ ಬೆಲೆ ಎಲ್ಲರಿಗೂ ತಿಳಿಯಿತು. ಮೇಲಿನ ತೋಳಿಲ್ಲದ್ದರಿಂದ ಎಂಜಿನ್ನಿಗೆ ಜಾಗ ದೊರೆಯುತ್ತಿತ್ತು.

ಇದೆಲ್ಲ ಹೊರಗಿನ ಮಾತಾಯಿತು. ಕಾರು ಮಾಡುವ ಆಸೆ ಮೈಸೂರು ಸೀಮೆಗೆ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಹೊರದೇಶಗಳ ಕಾರ್ಖಾನೆಗಳನ್ನು ನೋಡಿಬಂದು ಮೋಟಾರು ಕಾರ್ಖಾನೆಯ ಯೋಜನೆ ಸಿದ್ಧಮಾಡಿದರು. ಉದ್ಯಮಿ ವಾಲಚಂದ್ ಹೀರಾಚಂದರು ಮುಂದೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಅದಕ್ಕೆ ನೆರವು ನೀಡಲು ಒಪ್ಪಿತು. ಆದರೆ ದೆಹಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. 1940ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ವಿಮಾನದ ಕಾರ್ಖಾನೆ ಬಂದಿತು. ಯುದ್ಧಕಾಲಕ್ಕೆ ಅದು ಬೇಕಾಗಿತ್ತು. ವಾಲಚಂದರ ಮೋಟಾರು ಕಾರ್ಖಾನೆ 1944ರಲ್ಲಿ ಬೊಂಬಾಯಿಗೆ ಹೋಯಿತು. ರಸ್ತೆಯ ಮೇಲಿನ ವಾಹನ ಕೇಳಿದ ನಾಡಿಗೆ ಆಕಾಶದ ವಾಹನ ಸಿಕ್ಕಿದ್ದು ವಿಚಿತ್ರವೇ ಸರಿ.

ಸ್ವಾತಂತ್ರ್ಯದ ನಂತರದ ಮೂರು ದಶಕಗಳಲ್ಲಿ ನಮ್ಮ ಮಧ್ಯಮವರ್ಗ ಕಂಡ ಕಾರುಗಳು ಮುಖ್ಯವಾಗಿ ಎರಡು. ಅಂಬಾಸಡರಿಗೆ ಮುಂದೆ ತಿರುಚುವ ಸರಳು, ಹಿಂದೆ ಕಮಾನು. ಬೊಂಬಾಯಿಯ ಫಿಯಟ್ಟಿಗೆ ಮುಂದೆ ಎರಡು ತೋಳು, ಸುರುಳಿ ಸ್ಪ್ರಿಂಗು. ಎರಡರಲ್ಲಿಯೂ ಮ್ಯಾಕ್‌ಫರ್ಸನ್ನನ ಕಂಬವಿಲ್ಲ. ಆ ಕಂಬ ನಮ್ಮ ಮನೆಗಳಿಗೆ ಬಂದಿದ್ದು 1983ರ ಡಿಸೆಂಬರಿನಲ್ಲಿ, ಮಾರುತಿ 800 ಎಂಬ ಪುಟ್ಟ ಕಾರಿನೊಡನೆ. ಶೆವರ್ಲೆ ಕಂಪನಿ ಅಮೆರಿಕದಲ್ಲಿ ಮಾಡದೆ ಬಿಟ್ಟ ಕೆಲಸ, ಎಂದರೆ ಸಂಬಳದವನು ಕೊಳ್ಳಬಹುದಾದ ಕಾರು, ಗುಡಗಾಂವಿನಲ್ಲಿ ಆಯಿತು. ಮಾರುತಿಯ ವ್ಯಾನಿಗೆ ಮುಂದೆ ಕಂಬ, ಹಿಂದೆ ಕಮಾನು. ಎರಡು ಯುಗಗಳನ್ನು ಒಟ್ಟಿಗೆ ಕಟ್ಟಿಕೊಂಡು ಅದು ಶಾಲೆಯ ಮಕ್ಕಳನ್ನು ಹೊತ್ತಿತು.

ಬಿಡದಿಗೆ ಕಾರಿನ ಕಾರ್ಖಾನೆ ಬಂದಿದ್ದು ವಿಶ್ವೇಶ್ವರಯ್ಯನವರ ಯೋಜನೆಯ ಆರು ದಶಕಗಳ ಮೇಲೆ. ಜಪಾನಿನ ಟೊಯೋಟಾ ಮತ್ತು ನಮ್ಮ ಕಿರ್ಲೋಸ್ಕರ್ ಮನೆತನದ ಕಂಪನಿ 1997ರಲ್ಲಿ ಕೂಡಿದವು. 1999ರ ಡಿಸೆಂಬರಿನಲ್ಲಿ ಮೊದಲ ಕಾರು ಹೊರಬಂದಿತು. ಇಂಡೋನೇಷ್ಯಾದ ಕಿಜಾಂಗ್ ಕಾರಿನ ತಮ್ಮನಾದ ಕ್ವಾಲಿಸ್ ಅದು. ಆಗ ಅದನ್ನು ಹಳೆಯ ಗಾಡಿಯೆಂದು ನಕ್ಕವರಿದ್ದರು. ಬಾಡಿಗೆ ಓಡಿಸುವವರು ನಗಲಿಲ್ಲ. ಅದರ ಹಿಂಬದಿಯಲ್ಲಿ ಇದ್ದುದು ಜಟಕಾದ ವಂಶದ ಅದೇ ಉಕ್ಕಿನ ಕಮಾನು. ಕಂಬದ ಕಾರು ಬಿಡದಿಯಿಂದ ಹೊರಟದ್ದು 2003ರಲ್ಲಿ, ಕೊರೊಲಾ ಹೆಸರಿನಲ್ಲಿ. 1966ರಲ್ಲಿ ಜಪಾನಿನಲ್ಲಿ ಹುಟ್ಟಿದ ಮೊದಲ ಕೊರೊಲಾಕ್ಕೆ ಕಂಬವಿದ್ದರೂ ಭಾರ ಹೊರಲು ಕೆಳಗೊಂದು ಅಡ್ಡ ಕಮಾನೂ ಇತ್ತು. ಹೊಸದನ್ನು ನಂಬುವ ಮುನ್ನ ಹಳೆಯದನ್ನೂ ಕಟ್ಟಿಕೊಳ್ಳುವುದು ನಮ್ಮವರ ಗುಣ ಮಾತ್ರವಲ್ಲ. 2010ರಲ್ಲಿ ಎರಡನೆಯ ಕಾರ್ಖಾನೆ, ಅದರೊಡನೆ ಎಟಿಯೋಸ್. ಅಷ್ಟರಲ್ಲಿ ಅಲ್ಲಿ ಬಿಡಿಭಾಗಗಳ ಕಾರ್ಖಾನೆಗಳು ಬೆಳೆದಿದ್ದವು. 2007ರಲ್ಲಿ ತೆರೆದ ತರಬೇತಿ ಶಾಲೆಯಲ್ಲಿ ಹಳ್ಳಿಯಿಂದ ಬಂದ ಹುಡುಗರು ಬೋಲ್ಟು ಬಿಗಿಯುವ ಶಾಸ್ತ್ರ ಕಲಿಯುತ್ತಿದ್ದರು. ರಾಗಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ಸೀಮೆಯಲ್ಲಿ ಪಾಳಿಯ ಸೈರನ್ ಕೇಳತೊಡಗಿತು.

ನನ್ನ ಅಕ್ಕನ ಮನೆ ಬಿಡದಿಯಲ್ಲಿ. ಅವಳ ಮಗ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಪಾಳಿ ಮಾಡುತ್ತಾನೆ. ಅವನು ಕೊಂಡ ಸೆಕೆಂಡ್ ಹ್ಯಾಂಡ್ ಕೊರೊಲಾ, ಮನೆಯಿಂದ ಕೂಗಳತೆಯಲ್ಲಿ ಜೋಡಣೆಯಾದದ್ದು, ವರ್ಷಗಟ್ಟಲೆ ಎಲ್ಲೆಲ್ಲಿಯೋ ಓಡಿ ಹುಟ್ಟಿದೂರಿಗೆ ಮರಳಿದ ಹಾಗಿತ್ತು. ಹಂಪ್ ಇಳಿದಾಗಲೆಲ್ಲ ಮುಂಬದಿಯಲ್ಲಿ ದಡ್ ಎಂಬ ಸದ್ದು. ಬ್ರೇಕು ಒತ್ತಿದರೆ ಮೂಗು ನೆಲಕ್ಕೆ ಬಾಗುವುದು. ಟೈರು ಒಂದೇ ಸಮನೆ ಸವೆಯದೆ ಅಲ್ಲಲ್ಲಿ ಬಟ್ಟಲಿನಂತೆ ಸವೆದಿತ್ತು. ಕಂಬದ ಮೈಮೇಲೆ ಎಣ್ಣೆ ಒಸರಿ ಧೂಳು ಕಟ್ಟಿತ್ತು. ಒಂದು ಗ್ಯಾರೇಜಿನವರು ಹೇಳಿದ ಮೊತ್ತ ಕೇಳಿ ಅವನು ಬೆಂಗಳೂರಿನ ಜೆ. ಸಿ. ರಸ್ತೆಗೆ ಹೋಗಿ ಎರಡು ಹೊಸ ಕಂಬಗಳನ್ನೂ ಮೇಲಿನ ರಬ್ಬರು ಬೇರಿಂಗುಗಳನ್ನೂ ತಂದ. ಒಂದೇ ಕೆಟ್ಟಿದ್ದರೂ ಎರಡನ್ನೂ ಬದಲಿಸಬೇಕು. ಇಲ್ಲದಿದ್ದರೆ ಬ್ರೇಕು ಒತ್ತಿದಾಗ ಕಾರು ಒಂದು ಕಡೆಗೆ ಎಳೆದೀತು. ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಕೆಲಸ ಹೂಡಿದ. ನಾನು ಸ್ಪ್ಯಾನರು ಎತ್ತಿಕೊಡುವ ಆಳು.

ಅವನ ಕ್ರಮವನ್ನು ನೋಡಿ ಸಂತೋಷವಾಯಿತು. ಹಿಂಚಕ್ರಗಳಿಗೆ ಕಲ್ಲು ಕೊಟ್ಟ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಿದ. ಜಾಕಿಯಿಂದ ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದ. ಮೂಲೆಯಲ್ಲಿದ್ದ ಸಿಮೆಂಟು ಇಟ್ಟಿಗೆಗಳನ್ನು ನಾನು ತೋರಿಸಿದಾಗ, “ಅದು ಹೇಳದೆ ಕೇಳದೆ ಪುಡಿಯಾಗುತ್ತೆ ಮಾವ, ಜಾಕಿಯನ್ನೂ ನಂಬಬಾರದು” ಎಂದ. ಚಕ್ರ ತೆಗೆದು, ಬ್ರೇಕಿನ ಕೊಳವೆಯನ್ನು ಕಂಬದಿಂದ ಬಿಡಿಸಿ ತಂತಿಯಿಂದ ಪಕ್ಕಕ್ಕೆ ಕಟ್ಟಿದ. ಕೆಳಗಿನ ಎರಡು ದಪ್ಪ ಬೋಲ್ಟುಗಳು ಮಳೆಗಾಲಗಳ ತುಕ್ಕನ್ನೆಲ್ಲ ಕುಡಿದು ಕುಳಿತಿದ್ದವು. ಎಣ್ಣೆ ಬಿಟ್ಟು, ಅರ್ಧ ಗಂಟೆ ಕಾದು, ಉದ್ದನೆಯ ಕೊಳವೆಯನ್ನು ಸ್ಪ್ಯಾನರಿಗೆ ಸಿಕ್ಕಿಸಿ ಇಬ್ಬರೂ ತೂಗಿದಾಗ ಕಿರ್ರೆಂದು ಸಡಿಲಿದವು. ಆಮೇಲೆ ಬಾನೆಟ್ಟಿನ ಕೆಳಗೆ, ಕಂಬದ ತಲೆಯ ಸುತ್ತ ಮೂರು ಸಣ್ಣ ನಟ್ಟುಗಳು.

“ಸುತ್ತಲಿನ ಮೂರು ನೀವು ಬಿಚ್ಚಿ ಮಾವ. ನಡುವಿನದನ್ನು ಮಾತ್ರ ಮುಟ್ಟಬೇಡಿ.”

“ಮುಟ್ಟಿದರೆ?”

“ಸ್ಪ್ರಿಂಗು ಹಾರುತ್ತೆ. ಆಮೇಲೆ ಕೇಳೋಕೆ ನೀವಿರಲ್ಲ, ಹೇಳೋಕೆ ನಾನಿರಲ್ಲ.”

ಕಾಫಿ ತಂದ ಅಕ್ಕ ಬಾಗಿಲಲ್ಲೇ ನಿಂತಳು.

ಮಾತು ಹುಡುಗಾಟದ್ದಲ್ಲ. ಆ ಕಾರಿನ ತೂಕ 1,100 ಕಿಲೋಗ್ರಾಮಿಗೂ ಮಿಕ್ಕಿದ್ದು. ಎಂಜಿನ್ನು ಮುಂದಿರುವುದರಿಂದ ಮುಂಚಕ್ರ ಒಂದೊಂದರ ಪಾಲಿಗೆ ಸುಮಾರು 300 ಕಿಲೋಗ್ರಾಮು. ಅಷ್ಟು ಭಾರವನ್ನು ಎತ್ತಿ ಹಿಡಿಯುವ ಸ್ಪ್ರಿಂಗನ್ನು ಕಾರ್ಖಾನೆಯಲ್ಲಿ ಒತ್ತಿ, ಕುಗ್ಗಿಸಿ, ತಲೆಯ ಮೇಲೆ ಒಂದೇ ಒಂದು ನಟ್ಟು ಹಾಕಿ ಹಿಡಿದಿಟ್ಟಿರುತ್ತಾರೆ. ಕಂಬವನ್ನು ಕಾರಿನಿಂದ ಬಿಡಿಸಿ ತೊಡೆಯ ಮೇಲೆ ಇಟ್ಟುಕೊಂಡರೂ ಆ ಒತ್ತಡ ಅದರೊಳಗೇ ಇರುತ್ತದೆ. ಕಮ್ಮಾರನ ಕಮಾನಿನಲ್ಲಿ ಇಂಥ ಗುಟ್ಟಿರಲಿಲ್ಲ. ಗಾಡಿಯ ಭಾರ ಇಳಿಸಿದರೆ ಅದರ ಬಿಗಿಯೂ ಇಳಿಯುತ್ತಿತ್ತು. ನಾಲ್ಕು ಭಾಗಗಳನ್ನು ಒಂದರಲ್ಲಿ ಅಡಕಮಾಡಿದ ಮ್ಯಾಕ್‌ಫರ್ಸನ್ನನ ಉಳಿತಾಯದ ಬೆಲೆ ಈ ನಡುವಿನ ನಟ್ಟಿನಲ್ಲಿದೆ ಎಂದು ನನಗೆ ಅನಿಸಿತು.

ಹುಡುಗ ಪರಿಚಯದ ಗ್ಯಾರೇಜಿನಿಂದ ಸ್ಪ್ರಿಂಗು ಒತ್ತುವ ಕೊಕ್ಕೆಗಳ ಜೋಡಿಯೊಂದನ್ನು ತಂದಿದ್ದ. ಎದುರುಬದುರಾಗಿ ಎರಡು ಕೊಕ್ಕೆ ಹಾಕಿ, ಇದನ್ನಷ್ಟು ಅದನ್ನಷ್ಟು, ಸರದಿಯಂತೆ ಬಿಗಿದುಕೊಂಡು ಹೋದ. ಸ್ಪ್ರಿಂಗು ತನ್ನ ಪೀಠದಿಂದ ಸಡಿಲವಾಗಿ ಕೈಯಲ್ಲಿ ಅಲುಗುವವರೆಗೆ ನಡುವಿನ ನಟ್ಟಿನ ಹತ್ತಿರ ಹೋಗಲಿಲ್ಲ. ಮುಖವನ್ನು ಅದರ ನೇರಕ್ಕೆ ಒಡ್ಡಲೂ ಇಲ್ಲ. ಕುಗ್ಗಿದ ಸ್ಪ್ರಿಂಗನ್ನು ಗೋಡೆಯ ಮೂಲೆಯಲ್ಲಿ ಯಾರ ಕಾಲಿಗೂ ಸಿಗದಂತೆ ಮಲಗಿಸಿದ. ಹೊಸ ಕಂಬಕ್ಕೆ ಕೂರಿಸುವಾಗ ಸುರುಳಿಯ ಕೆಳತುದಿ ಪೀಠದ ಮೆಟ್ಟಿಲಿಗೆ ಸರಿಯಾಗಿ ತಾಗಿದೆಯೇ ಎಂದು ಬೆರಳಿಟ್ಟು ನೋಡಿದ. ಕೊನೆಯಲ್ಲಿ ಕೆಳಗಿನ ದಪ್ಪ ಬೋಲ್ಟುಗಳಿಗೆ ಅಳತೆಯ ಸ್ಪ್ಯಾನರು. ಸುಮಾರು 150 ನ್ಯೂಟನ್ ಮೀಟರು ಬಿಗಿ. ಎಂದರೆ ಒಂದು ಮೀಟರು ಉದ್ದದ ಹಿಡಿಯ ತುದಿಗೆ 15 ಕಿಲೋಗ್ರಾಮು ತೂಗಿಬಿಟ್ಟ ಹಾಗೆ. “ಫ್ಯಾಕ್ಟರಿಯಲ್ಲಿ ಮೆಷೀನು ಅಳೆಯುತ್ತೆ, ಇಲ್ಲಿ ನಾವು ಅಳೀಬೇಕು” ಎಂದ.

ಒಂದು ಬದಿಗೆ ಮೂರು ಗಂಟೆ ಹಿಡಿಯಿತು, ಇನ್ನೊಂದಕ್ಕೆ ಒಂದೂವರೆ. ಗಾಡಿಯನ್ನು ಮೊದಲಿನವರು ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದರು, ಈಗಿನವರಿಗೆ ಅದು ಸಾಧ್ಯವಿಲ್ಲ ಎಂದು ನನ್ನ ವಯಸ್ಸಿನವರು ಆಗಾಗ ಹೇಳುವುದುಂಟು. ಜಟಕಾದ ಯಜಮಾನ ಕಮಾನನ್ನು ತಾನು ಮಾಡಿಕೊಳ್ಳುತ್ತಿರಲಿಲ್ಲ, ಕಮ್ಮಾರನಲ್ಲಿಗೆ ಹೋಗುತ್ತಿದ್ದ. ಅಂಬಾಸಡರಿನ ಯಜಮಾನರಲ್ಲಿ ಬಹುಮಂದಿ ಬಾನೆಟ್ಟು ಎತ್ತಿ ನೋಡಿ, ತಲೆ ಕೆರೆದು, ಮೆಕಾನಿಕ್ಕನಿಗೆ ಹೇಳಿಕಳುಹಿಸುತ್ತಿದ್ದರು. ಎರಡು ತೋಳುಗಳ ಹಳೆಯ ಕಾರಿನ ಮುಂಬದಿಯನ್ನು ಮನೆಯ ಮುಂದೆ ಬಿಚ್ಚಿ ಜೋಡಿಸುವುದು ಇದಕ್ಕಿಂತ ಎಷ್ಟೋ ಹೆಚ್ಚಿನ ಪ್ರಯಾಸ. ಕಂಬ ಒಡೆದು ದುರಸ್ತಿಗೆ ಬರುವುದಿಲ್ಲ ಎಂಬುದು ನಿಜ. ಹಳೆಯದು ಗುಜರಿಗೇ ಹೋಗಬೇಕು. ಆದರೆ ಇಡಿಯಾಗಿ ತೆಗೆದು ಇಡಿಯಾಗಿ ಹಾಕಬಹುದಾದ್ದರಿಂದಲೇ ಪಾಳಿಯ ಹುಡುಗನೊಬ್ಬ ರಜೆಯ ದಿನದಲ್ಲಿ ಅದನ್ನು ಮುಗಿಸಬಲ್ಲ. ಸಾಧ್ಯ ಎಂಬುದನ್ನು ಸುಲಭ ಎಂದು ಓದುಗರು ತಿಳಿಯಬಾರದು. ಒತ್ತುವ ಕೊಕ್ಕೆಯಿಲ್ಲದೆ, ಸ್ಟ್ಯಾಂಡಿಲ್ಲದೆ, ಮೊಬೈಲಿನಲ್ಲಿ ಹತ್ತು ನಿಮಿಷದ ಚಿತ್ರ ನೋಡಿದ ಧೈರ್ಯದಿಂದ ಇದಕ್ಕೆ ಕೈಹಾಕುವವರಿಗಿಂತ ಗ್ಯಾರೇಜಿಗೆ ಹಣ ತೆರುವವರೇ ಜಾಣರು. ಅಕ್ಕನ ಮಗನಿಗೆ ಬಂದದ್ದು ಕಾರ್ಖಾನೆ ಕಲಿಸಿದ ಶಿಸ್ತು. ಆ ಶಿಸ್ತು ಗೇಟಿನ ಹೊರಗೂ ಬಂದು ಒಂದು ಮನೆಯ ಅಂಗಳದಲ್ಲಿ ಕೆಲಸ ಮಾಡಿದ್ದನ್ನು ಕಂಡು, 1940ರಲ್ಲಿ ಕೈತಪ್ಪಿದ ಆ ಕಾರ್ಖಾನೆ ಆಗಲೇ ಬಂದಿದ್ದರೆ ಎಷ್ಟು ಅಂಗಳಗಳಲ್ಲಿ ಎಷ್ಟು ಕೈಗಳು ಹೀಗೆ ಪಳಗಿರುತ್ತಿದ್ದವೋ ಎಂದು ಲೆಕ್ಕ ಹಾಕುತ್ತಾ ಕುಳಿತೆ.

ಹಳೆಯ ಕಂಬಗಳು ಜಗುಲಿಯ ಮೇಲೆ ಬಿದ್ದಿದ್ದವು. ಒಂದರ ಹೊಳೆಯುವ ದಂಡವನ್ನು ಅಂಗೈಯಿಂದ ಒತ್ತಿದೆ; ತಡೆಯಿಲ್ಲದೆ ಕೆಳಗಿಳಿಯಿತು, ಮತ್ತೆ ಮೇಲೇಳಲಿಲ್ಲ. ಕಂಬ ಬಿಚ್ಚಿದ ಕಾರಿನ ಚಕ್ರಗಳು ಕೂದಲೆಳೆಯಷ್ಟು ವಾಲಿದರೂ ಟೈರು ತಿನ್ನುತ್ತವೆ. ಆದ್ದರಿಂದ ಮರುದಿನ ಪಾಳಿಗೆ ಮುಂಚೆ ಅವನು ಕಾರನ್ನು ಅಲೈನ್‌ಮೆಂಟ್ ಅಂಗಡಿಗೆ ಒಯ್ದ. ಅಕ್ಕ ಮುಂದಿನ ಸೀಟಿನಲ್ಲಿ ಕುಳಿತಳು.